ಹದಿನೇಳನೆಯ ಆರೋಪಿ

ನಮ್ಮ ಚಿಗವ್ವನಿಗೆ ತಲೆ ಸ್ವಲ್ಪ ಸಡಿಲ ಎಂದು ಧಾರವಾಡದ ಮಾಳಮಡ್ಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ನಾಳೆ ಅವರ ಮನೆಯ ರೇಡಿಯೋ ಕೆಟ್ಟಾಗ ರಿಪೇರಿ ಮಾಡುವವರು ಯಾರು? ಅದಕ್ಕೇ ಎಲ್ಲರೂ "ಟೀಚರ್ ಭಾಳ ಶಾಣ್ಯಾರು ಬಿಡ್ರಿ" ಎನ್ನುತ್ತಾರೆ, ಅಂದು ಒಂದು ಕ್ಷಣ ಸುಮ್ಮನಾಗುತ್ತಾರೆ. ಉಳಿದ ಅಭಿಪ್ರಾಯವೆಲ್ಲ ಆ ಸುಮ್ಮನಾಗುವುದರಲ್ಲಿ ಇರುತ್ತದೆ. ನಾನು ಅವಳ ಸ್ವಂತ ಅಕ್ಕನ ಮಗಳು, ನನಗೆ ರಿಪೇರಿಯ ಹಂಗಿಲ್ಲ, ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ. ತಲೆ ಸಡಿಲವೇ! ಆದರೆ ಅಂಥ ಇನ್ನೊಂದು ತಲೆಯನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ.

ಧಾರವಾಡದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವಳು ಮೂವತ್ತು ವರ್ಷಕ್ಕೂ ಮೇಲೆ ವಿಜ್ಞಾನ ಕಲಿಸಿದಳು. ಓಣಿಯ ಉಳಿದ ಹೆಂಗಸರಿಗೆ ಕಸೂತಿ, ಭಜನೆ, ಮತ್ತೊಬ್ಬರ ಮನೆಯ ಸೊಸೆ ಹೀಗೆ ನಾನಾ ಹವ್ಯಾಸಗಳಿದ್ದರೆ ಇವಳಿಗೆ ಇದ್ದದ್ದು ಒಂದೇ, ರೇಡಿಯೋ. ಸರ್ಕಾರದ ಪರೀಕ್ಷೆಗೆ ಕೂತು, ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದ ಲೈಸೆನ್ಸ್ ತಗೊಂಡು, ಮನೆಯ ಹಿಂದಿನ ಕೋಣೆಯಿಂದಲೇ ಪರದೇಶದ ಅಪರಿಚಿತರೊಡನೆ ಹರಟೆ ಹೊಡೆಯುತ್ತಿದ್ದಳು. ಜಪಾನಿನ ಯಾರೋ ಹಲ್ಲಿನ ಡಾಕ್ಟರು ಅವಳಿಗೆ ದೋಸ್ತು. ಪಕ್ಕದ ಓಣಿಯ ಹಲ್ಲಿನ ಡಾಕ್ಟರ ಹೆಸರು ಮಾತ್ರ ಗೊತ್ತಿರಲಿಲ್ಲ.

ಅವಳ ದೊಡ್ಡ ಆಸ್ತಿ ಎಂದರೆ ಕಿವಿ. ರೇಡಿಯೋ ಬಿಚ್ಚುವ ಮೊದಲು ಅದು ಹೇಳುವುದನ್ನು ಕೇಳಬೇಕು ಎಂಬುದು ಅವಳ ಶಾಸ್ತ್ರ. ಯಾರಾದರೂ ಟವೆಲ್ಲಿನಲ್ಲಿ ಸುತ್ತಿಕೊಂಡು ತಮ್ಮ ಟ್ರಾನ್ಸಿಸ್ಟರ್ ತಂದರೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಕಿವಿ ಹಚ್ಚಿ ಕೂಡುತ್ತಿದ್ದಳು. ಒಮ್ಮೆ ಹಾಗೆ ಬಹಳ ಹೊತ್ತು ಕೇಳಿ, "ಇದರೊಳಗ ಒಂದು ಇರವಿ ಸತ್ತೈತಿ" ಅಂದಳು. ಬಿಚ್ಚಿ ನೋಡಿದರೆ ಎರಡು ಇರುವೆ! ತಂದವರು ಕೈಮುಗಿಯುವುದೊಂದು ಬಾಕಿ. ಚಿಗವ್ವ ಮಾತ್ರ ಒಂದು ಇರುವೆ ತಪ್ಪಿತೆಂದು ಅವತ್ತು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಬಟ್ಟೆ ಒಣಹಾಕಲು ಗಚ್ಚಿಗೆ ಹೋದಾಗ ಮೂರು ಮನೆಯ ಕುಕ್ಕರಿನ ಶೀಟಿಯನ್ನು ಬೇರೆ ಬೇರೆಯಾಗಿ ಎಣಿಸಿ, ಎಡಗಡೆಯ ಮನೆಯವರಿಗೆ ಬೇಳೆ ಬೆಂದಿತೆಂದು ಕೂಗಿ ಹೇಳುತ್ತಿದ್ದಳು. ಅವರಿಗೆ ಗ್ಯಾಸ್ ಉಳಿಯುತ್ತಿತ್ತು, ಇವಳಿಗೆ ಪುಣ್ಯ.

ಚಿಗಪ್ಪ, ಅಂದರೆ ಅವಳ ಗಂಡ, ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಜೀವನವೆಲ್ಲ ಕೆಂಪು ಹಸಿರು ಬಾವುಟದಲ್ಲೇ ಮಾತಾಡಿದ್ದರಿಂದ ಅವರ ಬಾಯಿ ಇನ್ನೂ ಹೊಸದಿತ್ತು. ಚಹಾ ಬೇಕಾದರೆ ಬಸಿ ಮುಂದೆ ಸರಿಸುತ್ತಿದ್ದರು, ಸಾಕಾದರೆ ಹಿಂದೆ ಸರಿಸುತ್ತಿದ್ದರು. ಬರೀ ಕೇಳುವವಳಿಗೂ ಏನೂ ಮಾತಾಡದವರಿಗೂ ಗಂಟು ಹಾಕಿದ ದೇವರ ಲೆಕ್ಕಾಚಾರಕ್ಕೆ ನಮ್ಮ ಅವ್ವ ಆಗಾಗ ಆಶ್ಚರ್ಯಪಡುತ್ತಿದ್ದಳು.

ಇಂಥ ಮನೆಗೆ ಸ್ಕ್ಯಾನರ್ ಬಂದದ್ದು ಎರಡು ಸಾವಿರದ ಮೂರೋ ನಾಲ್ಕೋ ಇಸವಿಯಲ್ಲಿ. ಹುಬ್ಬಳ್ಳಿ ಗೋಪನಕೊಪ್ಪದ ಹ್ಯಾಮ್ ಗೆಳೆಯರೊಬ್ಬರು ತಮಗೆ ಕಣ್ಣು ಸಾಲುವುದಿಲ್ಲವೆಂದು ಇವಳಿಗೆ ಕೊಟ್ಟರು. ಊಟದ ಡಬ್ಬಿಯಷ್ಟು ಗಾತ್ರ, ಮೇಲೆ ಒಂದು ಚಕ್ರ, ಮುಂದೆ ಸಾಲುಸಾಲು ಗುಂಡಿ. ಗಾಳಿಯಲ್ಲಿ ಯಾರು ಏನು ಮಾತಾಡುತ್ತಿದ್ದಾರೆಂದು ಒಂದಾದ ಮೇಲೊಂದು ಹುಡುಕಿ ಕೇಳಿಸುವ ರೇಡಿಯೋ ಅದು. ನಮ್ಮ ಓಣಿಯಲ್ಲಿ ಕೆಲವರು ಹುಟ್ಟಿನಿಂದಲೇ ಹಾಗಿದ್ದಾರೆ, ಅವರಿಗೆ ಬ್ಯಾಟರಿ ಬೇಕಾಗುವುದಿಲ್ಲ ಅಷ್ಟೇ!

ಆ ವರ್ಷ ಆಗಸ್ಟ್ ಮುಗಿಯುವಾಗ ಚಿಗವ್ವನಿಗೆ ನಿವೃತ್ತಿ. ಜೂನ್ ತಿಂಗಳಲ್ಲಿ, ಧಾರವಾಡದ ಜಿಟಿಜಿಟಿ ಹಿಡಿದು ಸೂರ್ಯನ ಮುಖ ನೋಡಿ ವಾರವಾಗಿತ್ತು, ಎಂಟನೆಯ ಇಯತ್ತೆಯಲ್ಲಿ ಅವಳು ಮೋಡದ ಪಾಠ ಮಾಡುತ್ತಿದ್ದಳು. ಕಡೆಯ ಬೆಂಚಿನ ಒಂದು ಹುಡುಗಿ ಎದ್ದು ನಿಂತು, "ಮೋಡ ಮ್ಯಾಲಿಂದ ನೋಡಿದ್ರ ಹೆಂಗ ಕಾಣತಾವ್ರಿ ಟೀಚರ್?" ಎಂದು ಕೇಳಿತಂತೆ. ಪುಸ್ತಕದಲ್ಲಿ ಒಂದು ಚಿತ್ರವಿತ್ತು, ಅಚ್ಚಿನ ಮಸಿಯಲ್ಲಿ ಅದೂ ಮೋಡವೇ ಆಗಿಹೋಗಿತ್ತು. ಉಳಿದ ಶಿಕ್ಷಕಿಯರಾಗಿದ್ದರೆ ಅರಳೆಯಂತೆ ಕಾಣುತ್ತವೆ ಎಂದು ಹೇಳಿ ಕೂಡಿಸುತ್ತಿದ್ದರು. ಚಿಗವ್ವ ಸುಣ್ಣದ ಕಡ್ಡಿ ಕೆಳಗಿಟ್ಟು, ನಾನು ರಿಟೈರ್ ಆಗುವುದರೊಳಗೆ ನಿಮಗೆಲ್ಲ ತೋರಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟಳು. ಕೊಟ್ಟ ಮಾತು ಹಲಗೆಯ ಮೂಲೆಯಲ್ಲಿ ಬರೆದಿಟ್ಟಳು. ಅದನ್ನು ಅಳಿಸಕೂಡದೆಂದು ಪಾಳಿ ಹುಡುಗಿಯರಿಗೆ ತಾಕೀತು ಬೇರೆ.

ತೋರಿಸುವುದು ಹೇಗೆ? ಅದನ್ನು ಅವಳು ನನಗೆ ತಿಳಿಸಿ ಹೇಳಿದ ದಿನ ನನ್ನ ಮೈ ಜುಮ್ಮೆಂದದ್ದು ಇನ್ನೂ ನೆನಪಿದೆ. ಹವಾಮಾನ ನೋಡುವ ಉಪಗ್ರಹವೊಂದು ಎಂಟುನೂರು ಕಿಲೋಮೀಟರ್ ಎತ್ತರದಲ್ಲಿ ಭೂಮಿ ಸುತ್ತುತ್ತಿರುತ್ತದೆ. ಸುತ್ತುತ್ತ ಕೆಳಗಿನ ಮೋಡ, ಸಮುದ್ರ, ನೆಲ ಎಲ್ಲ ನೋಡುತ್ತದೆ. ಕಂಡದ್ದನ್ನು ಆಗಿಂದಾಗ ಒಂದು ಶಬ್ದವಾಗಿ ಬದಲಿಸಿ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತ ಹೋಗುತ್ತದೆ. ಆ ಶಬ್ದವನ್ನು ಸ್ಕ್ಯಾನರ್ ಹಿಡಿಯಬೇಕು. ಒಂದು ತಂತಿ ಅದನ್ನು ಕಂಪ್ಯೂಟರಿಗೆ ದಾಟಿಸಬೇಕು. ಕಂಪ್ಯೂಟರು ಕೇಳಿಸಿಕೊಂಡು ಸೆಕೆಂಡಿಗೆ ಎರಡು ಗೆರೆಯಂತೆ ಪರದೆಯ ಮೇಲೆ ಚಿತ್ರ ಬರೆಯುತ್ತದೆ. ಮಾಳಮಡ್ಡಿಯ ಗಚ್ಚಿಯ ಮೇಲಿಂದ, ದಿನಾ ಮಧ್ಯಾಹ್ನ, ಯಾರನ್ನೂ ಕೇಳದೆ, ಒಂದು ಯಂತ್ರ ಕಂಡದ್ದನ್ನೆಲ್ಲ ಹೇಳಿಕೊಂಡು ಹೋಗುತ್ತಿದೆ, ಕೆಳಗೆ ನಾವು ಊಟ ಮಾಡಿ ಮಲಗಿರುತ್ತೇವೆ! ಎಂಥ ಮಾತಲ್ಲವೇ?

"ಕೇಳಿದ್ದು ಕಾಣಸ್ತೈತಿ, ತಿಳೀತೇನು?" ಅಂದಳು ಚಿಗವ್ವ. ಆಗ ನಾನು ಆ ಮಾತಿನ ಅರ್ಧ ಮಾತ್ರ ತಿಳಿದುಕೊಂಡೆ.

ನನ್ನ ಪ್ರವೇಶ ಆದದ್ದು ಹೀಗೆ. ನಾನು ಹುಬ್ಬಳ್ಳಿಯ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತೆ. ಆರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದವಳು. ನನಗೆ ನಿಜವಾಗಿ ಬರುತ್ತಿದ್ದದ್ದು ಅಂಕಪಟ್ಟಿ ಟೈಪು ಮಾಡುವುದು, ಪ್ರಿಂಟರಿನಲ್ಲಿ ಸಿಕ್ಕಿಬಿದ್ದ ಹಾಳೆ ಎಳೆಯುವುದು. ಆದರೆ ನಮ್ಮ ಬಳಗದಲ್ಲಿ ಕಂಪ್ಯೂಟರಿನ ಮಟ್ಟಿಗೆ ನನ್ನದೇ ಕಡೆಯ ಮಾತು. ಒಂದು ದಿನ ಆಫೀಸಿಗೆ ಚಿಗವ್ವನ ಫೋನು ಬಂತು. "ಸ್ಕ್ಯಾನರು, ಕಂಪ್ಯೂಟರು ಒಂದಕ್ಕೊಂದು ಮಾತು ಬಿಟ್ಟಾವ. ರವಿವಾರ ಬಾ" ಅಂದವಳೇ ಫೋನು ಇಟ್ಟಳು. ನನ್ನ ಉತ್ತರ ಕೇಳುವ ಪದ್ಧತಿಯನ್ನು ಅವಳು ಇತ್ತೀಚೆಗೆ ಬಿಟ್ಟಿದ್ದಳು. ಟೀಚರಲ್ಲವೇ, ಹೇಳುವುದೇ ರೂಢಿ ಎಂದುಕೊಂಡೆ.

ಅವಳು ದೋಷ ಹುಡುಕುವ ರೀತಿ ಬೇರೆಯವರ ಹಾಗಲ್ಲ. ನಾವಾದರೆ ಮೊದಲು ಯಂತ್ರಕ್ಕೆ ಎರಡು ಏಟು ಹಾಕುತ್ತೇವೆ, ಆಮೇಲೆ ಅಂಗಡಿಯವನನ್ನು ಬಯ್ಯುತ್ತೇವೆ. ಚಿಗವ್ವ ಒಂದು ಇನ್ನೂರು ಪುಟದ ನೋಟುಬುಕ್ಕು ತೆಗೆದು, ಮೇಲೆ "ಆರೋಪಿಗಳು" ಎಂದು ಬರೆದು, ಕೆಳಗೆ ಗೆರೆಗೊಂದರಂತೆ ಅನುಮಾನವಿದ್ದ ಪ್ರತಿಯೊಂದು ಸಾಮಾನಿನ ಹೆಸರು, ತಾರೀಖು ಹಾಕುತ್ತಿದ್ದಳು. ಆಮೇಲೆ ಒಬ್ಬೊಬ್ಬ ಆರೋಪಿಯನ್ನು ಹೊರಗೆ ತೆಗೆದು, ಆ ಜಾಗಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆಂದು ಖಾತ್ರಿಯಿದ್ದ ಇನ್ನೊಂದನ್ನು ಹಾಕಿ ನೋಡುವುದು. ಆಗಲೂ ಚಿತ್ರ ಬರದಿದ್ದರೆ ಹೊರಗೆ ತೆಗೆದ ಬಡಪಾಯಿ ನಿರ್ದೋಷಿ. "ಯಾರ ಮ್ಯಾಲೂ ಸುಮ್ಮ ಸುಮ್ಮನ ತಪ್ಪು ಹೊರಸಬಾರದು. ಛಲೋದೊಂದು ತಂದು ಹಚ್ಚಿ ನೋಡಬೇಕು" ಎಂಬುದು ಅವಳ ಕಾನೂನು. ಈ ಕಾನೂನು ಮನೆಗಳಲ್ಲೂ ಜಾರಿಗೆ ಬಂದಿದ್ದರೆ ಎಷ್ಟು ಸೊಸೆಯಂದಿರು ಬಿಡುಗಡೆಯಾಗುತ್ತಿದ್ದರೋ!

ಮೊದಲನೆಯ ಆರೋಪಿ ತಂತಿ. ಎರಡನೆಯದು ತಂತಿಯ ತುದಿಯ ಪಿನ್ನು. ಮೂರನೆಯದು ಕಂಪ್ಯೂಟರಿನ ಬೆನ್ನಿಗಿದ್ದ ಗುಲಾಬಿ ಬಣ್ಣದ ತೂತು, ನಾಲ್ಕನೆಯದು ಅದರ ಪಕ್ಕದ ನೀಲಿ ತೂತು. ಹೊಸ ತಂತಿ ಬಂತು, ಹೊಸ ಪಿನ್ನು ಬಂತು, ಎರಡೂ ತೂತಿಗೆ ಹಾಕಿ ನೋಡಿದ್ದಾಯಿತು. ಪರದೆಯ ಮೇಲೆ ಕಪ್ಪು ಬಿಳಿ ಪಟ್ಟೆಗಳು, ನಡುವೆ ಚುಕ್ಕೆ, ಸೀದ ದೋಸೆಯ ತಳದ ಹಾಗೆ. ಮೋಡವಿಲ್ಲ, ಸಮುದ್ರವಿಲ್ಲ, ದೇಶವಂತೂ ಇಲ್ಲವೇ ಇಲ್ಲ.

ಐದನೆಯ ಆರೋಪಿ ಅಂಟೆನಾ. ಕೇಬಲ್ ಟಿವಿ ಬಂದ ಮೇಲೆ ಧಾರವಾಡದ ಗಚ್ಚಿಗಳ ಮೇಲೆಲ್ಲ ಹಳೆಯ ಅಂಟೆನಾಗಳು ಕಾಗೆ ಕೂರಿಸಿಕೊಂಡು ನಿಂತಿದ್ದವಲ್ಲ, ಅವನ್ನೆಲ್ಲ ಬೇಡಿ ತಂದು, ಕತ್ತರಿಸಿ, ಅಳತೆಮಾಡಿ ಮೂರು ಹೊಸ ಅಂಟೆನಾ ಕಟ್ಟಿದಳು. ಒಂದೊಂದನ್ನೇ ಬಿದಿರಿಗೆ ಬಿಗಿದು, ಉಪಗ್ರಹ ಬರುವ ಹೊತ್ತಿಗೆ ತಾನೇ ಗಚ್ಚಿಯ ಮೇಲೆ ನಿಂತು, ಅದು ಹೋದ ಕಡೆಗೆ ಬಿದಿರು ತಿರುಗಿಸುವುದು. ಕೆಳಗೆ ಕಂಪ್ಯೂಟರಿನ ಮುಂದೆ ನಾನು. ಚಿತ್ರ ಬಂತೋ ಇಲ್ಲವೋ ಅವಳಿಗೆ ತಿಳಿಸಬೇಕಲ್ಲ? ನಾನು ಕಿಟಕಿಯಿಂದ ಕೂಗಿ ಹೇಳುತ್ತೇನೆ ಎಂದೆ. ಚಿಗಪ್ಪ ಬೇಡವೆಂದು ಕೈ ಆಡಿಸಿ, ಟ್ರಂಕಿನಿಂದ ತಮ್ಮ ಹಳೆಯ ಬಾವುಟಗಳನ್ನು ತೆಗೆದುಕೊಂಡು ಅಂಗಳದ ನಡುವೆ ಹೋಗಿ ನಿಂತರು. ನಾನು ಕಿಟಕಿಯಲ್ಲಿ ತಲೆ ಆಡಿಸಬೇಕು, ಅವರು ಗಚ್ಚಿಗೆ ಬಾವುಟ ತೋರಿಸಬೇಕು. ಪ್ರತಿ ರವಿವಾರವೂ ಕೆಂಪು. ರಿಟೈರ್ ಆದರೂ ಗಾರ್ಡ್‌ಗಿರಿ ಬಿಡಲಿಲ್ಲವೆಂದು ನಾನು ಒಳಗೊಳಗೇ ನಕ್ಕೆ.

ಇನ್ನೊಂದು ಸಾಮಾನು ಮಾತ್ರ ಆರೋಪಿಗಳ ಪಟ್ಟಿಗೆ ಬರಲೇ ಇಲ್ಲ, ಸ್ಕ್ಯಾನರಿನ ಮೇಲಿದ್ದ ಧ್ವನಿಯ ಚಕ್ರ. ಉಪಗ್ರಹ ಹತ್ತಿರ ಬರುತ್ತಿದ್ದಂತೆ ಚಿಗವ್ವ ತಂತಿ ಹಾಕುವ ಮೊದಲು ಸ್ಕ್ಯಾನರಿಗೆ ಕಿವಿಕೊಟ್ಟು, ಆ ಶಬ್ದ ತನಗೆ ಸ್ಪಷ್ಟವಾಗಿ ಕೇಳುವವರೆಗೆ ಚಕ್ರ ತಿರುಗಿಸುತ್ತಿದ್ದಳು. ಓಹೋ, ಅದೇನು ಗದ್ದಲ! ಕಪಾಟಿನೊಳಗಿನ ಪಿಂಗಾಣಿ ಬಸಿಗಳು ನಡುಗುತ್ತಿದ್ದವು. ಆಕಾಶದಿಂದ ಬರುವ ಶಬ್ದ, ಜೋರಾಗಿಯೇ ಇರಬೇಕೇನೋ ಎಂದು ನಾನೂ ಕಿವಿ ಮುಚ್ಚಿಕೊಂಡು ಒಪ್ಪಿಕೊಂಡಿದ್ದೆ. ತನಗೆ ಕೇಳಿಸಿದ ಜಾಗಕ್ಕೆ ಸರಿಯಾಗಿ ಚಕ್ರದ ಮೇಲೆ ಒಂದು ಕುಂಕುಮದ ಬೊಟ್ಟು ಇಟ್ಟಿದ್ದಳು. ಯಾರೂ ಮುಟ್ಟುವಂತಿಲ್ಲ. ಆಮೇಲೆ ತಂತಿ ಚುಚ್ಚಿ ಅವಳು ಗಚ್ಚಿಗೆ ಓಡುತ್ತಿದ್ದಳು. ಚುಚ್ಚಿದೊಡನೆ ಸ್ಕ್ಯಾನರಿನ ಬಾಯಿ ಬಂದಾಗಿ ಶಬ್ದವೆಲ್ಲ ಕಂಪ್ಯೂಟರಿನೊಳಗೆ ಹೋಗುತ್ತಿತ್ತು, ನಾವು ನಿಟ್ಟುಸಿರು ಬಿಡುತ್ತಿದ್ದೆವು.

ಜುಲೈ ನಡುವಿಗೆ ಹತ್ತು ಆರೋಪಿಗಳು ಬಿಡುಗಡೆಯಾದರು. ಹನ್ನೊಂದನೆಯ ಗೆರೆಯಲ್ಲಿ "ಅಕ್ಕನ ಮಗಳ ಕಂಪ್ಯೂಟರ್ ಜ್ಞಾನ" ಎಂದಿತ್ತು! ಸಿಟ್ಟು ಬಂತು. ನ್ಯಾಯಾಲಯದ ಮುಂದೆ ಸಿಟ್ಟು ಮಾಡಿ ಫಲವೇನು? ನಾನು ಮನೆಯ ಟೇಪ್ ರೆಕಾರ್ಡರ್ ತಂದು, ಅದೇ ತಂತಿ ಚುಚ್ಚಿ, ನಾನೇ ಅದರ ಚಕ್ರ ಹದವಾಗಿ ತಿರುಗಿಸಿ, ಒಂದು ಭಜನೆಯನ್ನು ಕಂಪ್ಯೂಟರಿಗೆ ಇಳಿಸಿ ತೋರಿಸಿದೆ. ತಂಬೂರಿ, ತಾಳ ಸಮೇತ ಚಂದವಾಗಿ ಬಂತು. ಚಿಗವ್ವ ಬಹಳ ಹೊತ್ತು ಆ ಟೇಪ್ ರೆಕಾರ್ಡರನ್ನು ನೋಡುತ್ತ ನಿಂತಳು. ನನ್ನ ಹೆಸರಿನ ಮುಂದೆ "ನಿರ್ದೋಷಿ" ಎಂದು ಬರೆದಳು. ಇನ್ನೇನೋ ಬರೆದಳು. ನಾನು ಗೆದ್ದ ಖುಷಿಯಲ್ಲಿ ಅದನ್ನು ನೋಡಲು ಹೋಗಲಿಲ್ಲ.

ಅಲ್ಲಿಂದ ಮುಂದೆ ಅವಳ ವಿಚಾರಣೆ ದಾರಿ ತಪ್ಪಿತು. ಹನ್ನೆರಡನೆಯ ಆರೋಪಿ ಅಡಿಗೆಮನೆಯ ಟ್ಯೂಬ್‌ಲೈಟು, ಹದಿಮೂರನೆಯದು ಪಂಖಾ, ಹದಿನಾಲ್ಕನೆಯದು ಎಡಗಡೆ ಮನೆಯ ಮಿಕ್ಸರು. ಮಿಕ್ಸರಿನ ಕಿರಿಕಿರಿ ರೇಡಿಯೋಕ್ಕೆ ಬರುತ್ತದೆಂದು ಆ ಮನೆಗೆ ಹೋಗಿ, ಉಪಗ್ರಹ ಹಾಯುವ ಹದಿನಾಲ್ಕು ನಿಮಿಷ ಏನೂ ರುಬ್ಬಬಾರದೆಂದು ವಿನಂತಿಸಿ, ವಾರದ ವೇಳಾಪಟ್ಟಿ ಕೊಟ್ಟು ಬಂದಳು. ಅವರು ಅದನ್ನು ಹಾಲಿನ ಚೀಟಿಯ ಪಕ್ಕ ಅಂಟಿಸಿದರು. ಮುಂದಿನ ರವಿವಾರ ಕಂಪೌಂಡಿನ ಆಚೆಯಿಂದ ಆ ಮನೆಯ ಅಜ್ಜಿಯ ತಲೆ ಕಂಡಿತು. "ಉಪಗ್ರಹ ದಾಟಿ ಹೋತೇನ್ರಿ? ಚಟ್ನಿ ತಡಾ ಆಗಾಕತ್ತೈತಿ." ಹದಿನೈದನೆಯದು ಫ್ರಿಜ್ಜು. ಹದಿನಾರನೆಯದು ಟ್ಯೂಬ್‌ಲೈಟಿನ ಹಿಂದೆ ವಾಸವಾಗಿದ್ದ ಹಲ್ಲಿ. ಅದನ್ನು ಹೊರಗೆ ಕಳಿಸಿ, ಖಾತ್ರಿಯಿರುವ ಇನ್ನೊಂದು ಹಲ್ಲಿ ತರಬೇಕೋ ಏನೋ ಎಂದು ನಾನು ಗೊಣಗಿದೆ. ಅವಳು ತಿರುಗಿ ನೋಡಲಿಲ್ಲ.

ಆ ಮನೆಯಲ್ಲಿ ಬೇರೆ ಕೆಲವು ವಿಚಿತ್ರಗಳೂ ಶುರುವಾಗಿದ್ದವು. ಚಿಗಪ್ಪ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಮಾತಾಡತೊಡಗಿದ್ದರು. ಜೀವನದಲ್ಲಿ ಉಳಿಸಿದ ಮಾತನ್ನೆಲ್ಲ ಈಗ ಚೀರಿ ತೀರಿಸುತ್ತಿದ್ದಾರೆ, ವಯಸ್ಸಾದ ಮೇಲೆ ಸಿಡುಕು ಹತ್ತಿದೆ ಎಂದು ಅವ್ವ ನೊಂದುಕೊಂಡಳು. ಕುಕ್ಕರಿನ ಶೀಟಿ ಎಣಿಸುವ ಕೆಲಸ ನನಗೆ ಬಂತು. "ಎಷ್ಟಾದುವು? ಲಕ್ಷ್ಯ ಐತೇನಿಲ್ಲ ನಿನಗ?" ಎಂದು ಚಿಗವ್ವ ಪರೀಕ್ಷೆ ಮಾಡುವವಳಂತೆ ಕೇಳುವಳು. ನಾನಿಲ್ಲದ ದಿನ ಬೇಳೆ ಕರಗಿ ನೀರಾಗುತ್ತಿತ್ತು. ಶಾಲೆಯಲ್ಲಿ ಅವಳ ವರ್ಗದ ಗಲಾಟೆ ಮೂರು ವರ್ಗದಾಚೆ ಕೇಳುತ್ತದೆಂದು ಹೆಡ್‌ಮಿಸ್ಟ್ರೆಸ್ ಆಕ್ಷೇಪ ಮಾಡಿದರಂತೆ. ಹುಡುಗಿಯರು ಅಂಜದೆ, ಧ್ವನಿ ಎತ್ತಿ ಮಾತಾಡಬೇಕು, ಪಿಸುಪಿಸು ಉತ್ತರಕ್ಕೆ ನನ್ನಲ್ಲಿ ಅಂಕವಿಲ್ಲ ಎಂದು ಚಿಗವ್ವ ಹೇಳಿ ಬಂದಳು. ಎಂಥ ಕ್ರಾಂತಿಕಾರಿ ಎಂದು ನಾನು ಆಫೀಸಿನಲ್ಲೆಲ್ಲ ಹೊಗಳಿಕೊಂಡೆ. ಕ್ರಾಂತಿ ಕಣ್ಣಿಗೆ ಕಂಡಿತು, ಕಾರಣ ಕಾಣಲಿಲ್ಲ.

ಆಗಸ್ಟಿನ ಕಡೆಯ ರವಿವಾರ ಬಂತು. ಎರಡು ದಿನ ಕಳೆದರೆ ನಿವೃತ್ತಿ. ಈ ಸಲವೂ ಪಟ್ಟೆ ಬಂದರೆ ಹಲಗೆಯ ಮೂಲೆಯ ಮಾತನ್ನು ಅವಳೇ ಅಳಿಸಿ ಹೋಗಬೇಕು. ನಾನು ಮಧ್ಯಾಹ್ನ ಮುಟ್ಟಿದಾಗ ಗೇಟಿನ ತುಂಬ ಚಪ್ಪಲಿ. ಎಂಟನೆಯ ಇಯತ್ತೆಯ ಇಡೀ ವರ್ಗ ಪಡಸಾಲೆಯಲ್ಲಿ ಕೂತಿದೆ! ನಾಲ್ವತ್ತು ಹುಡುಗಿಯರು, ಎಂಬತ್ತು ರಿಬ್ಬನ್ನು. ಸೀದ ದೋಸೆ ತೋರಿಸಲು ಇಷ್ಟು ಮಂದಿಯನ್ನು ಯಾರಾದರೂ ಕರೆಯುತ್ತಾರೆಯೇ? ಅಡಿಗೆಮನೆಗೆ ಹೋಗಿ ಚಿಗವ್ವನಿಗೆ ಅದನ್ನೇ ಅಂದೆ. ಅವಳು ಅವಲಕ್ಕಿಗೆ ಒಗ್ಗರಣೆ ಹಾಕುತ್ತ, ಸೀದ ದೋಸೆ ಬಂದರೆ ಅದನ್ನೂ ತೋರಿಸಬೇಕಾಗುತ್ತದೆ, ಮಾತು ಮಾತೇ ಎಂದಳು.

ಆಮೇಲೆ ಸೆರಗಿನ ತುದಿಯಿಂದ ಒಂದು ಹೊಸ ತಂತಿ ಬಿಚ್ಚಿ ಕೊಟ್ಟಳು. ವಾರವೆಲ್ಲ ಕೂತು ತಾನೇ ಬೆಸೆದದ್ದು. ಒಂದು ಕಡೆ ಒಂದು ಪಿನ್ನು, ಇನ್ನೊಂದು ಕಡೆ ಎರಡು ಕವಲು. ಒಂದು ಕವಲು ಕಂಪ್ಯೂಟರಿಗೆ, ಇನ್ನೊಂದು ಕವಲು ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿಗೆ.

"ಇವತ್ತ ಚಿತ್ರದ ಕಡೆ ನೋಡಬ್ಯಾಡ. ಕಿವೀಗೆ ಹಾಕ್ಕೊಂಡು ಬರೇ ಕೇಳು. ಕೇಳಿ ನಿನಗ ಏನ್ ಮಾಡಬೇಕನಸ್ತೈತಿ ಅದನ್ನ ಮಾಡು" ಅಂದು ಗಚ್ಚಿಯ ಮೆಟ್ಟಿಲು ಹತ್ತಿದಳು.

ಮೂರಕ್ಕೆ ಇನ್ನೂ ಎರಡು ನಿಮಿಷ. ಸ್ಕ್ಯಾನರಿನ ಚಕ್ರ ಎಂದಿನಂತೆ ಕುಂಕುಮದ ಬೊಟ್ಟಿನ ಮೇಲಿತ್ತು. ಹುಡುಗಿಯರು ಉಸಿರು ಬಿಗಿಹಿಡಿದಿದ್ದರು. ನಾನು ತಂತಿ ಚುಚ್ಚಿ, ಹೆಡ್‌ಫೋನು ಕಿವಿಗೇರಿಸಿದೆ. ಶಿವನೇ! ಕಿವಿಯೊಳಗೆ ಯಾರೋ ತಗಡಿನ ಅಂಗಡಿ ಕೆಡವಿದಂತಾಯಿತು. ಯೋಚನೆ ಗೀಚನೆ ಏನೂ ಮಾಡಲಿಲ್ಲ, ಬಿಸಿ ಪಾತ್ರೆ ಮುಟ್ಟಿದ ಕೈ ತಾನೇ ಹಿಂದೆ ಬರುತ್ತದಲ್ಲ, ಹಾಗೆ ನನ್ನ ಕೈ ತಾನಾಗಿ ಹೋಗಿ ಚಕ್ರವನ್ನು ಸರ್ರನೆ ಕೆಳಗೆ ತಿರುಗಿಸಿತು. ಕುಂಕುಮದ ಬೊಟ್ಟು ತಿರುಗಿ ಆಚೆ ಹೋಯಿತು. ಗದ್ದಲ ಹರಿದು ಅದರೊಳಗಿಂದ ಒಂದು ಸಣ್ಣ, ಸ್ವಚ್ಛವಾದ ಶಬ್ದ ಹೊರಬಂತು. ಗಡಿಯಾರದಂತೆ ಟಿಕ್ ಟಾಕ್, ಟಿಕ್ ಟಾಕ್, ಹಿಂದೆ ಒಂದು ತೆಳ್ಳಗಿನ ಶೀಟಿ. ಅಷ್ಟು ದೂರದಿಂದ ಬಂದ ಶಬ್ದ ಇಷ್ಟು ಮೆಲ್ಲಗೆ ಮಾತಾಡುತ್ತದೆಯೇ? ಹತ್ತು ರವಿವಾರ ನಾನು ಅದರ ಚೀರಾಟ ಮಾತ್ರ ಕೇಳಿದ್ದೆ.

ಪಡಸಾಲೆಯಲ್ಲಿ ಯಾರೋ "ಅಯ್ಯ, ನೋಡ್ರೀ" ಅಂದರು. ಪರದೆಯ ಮೇಲೆ ಪಟ್ಟೆ ಇರಲಿಲ್ಲ. ಕಪ್ಪು ಸಮುದ್ರವಿತ್ತು. ಅದರ ಮೇಲೆ ಹಿಂಜಿದ ಹಾಗೆ ಮೋಡ, ಮೋಡದ ಸಂದಿಯಲ್ಲಿ ನೆಲದ ಅಂಚು. ಗೆರೆಯ ಮೇಲೆ ಗೆರೆ, ಗೆರೆಯ ಮೇಲೆ ಗೆರೆ. ನಾನು ಕಿಟಕಿಯ ಕಡೆ ತಿರುಗಿ ತಲೆ ಆಡಿಸಿದೆ. ಅಂಗಳದಲ್ಲಿ ಕೆಂಪು ಬಾವುಟ ಅರ್ಧ ಎತ್ತಿ ನಿಂತಿದ್ದ ಚಿಗಪ್ಪನಿಗೆ ನಂಬಿಕೆಯಾಗಲಿಲ್ಲ. ಮತ್ತೆ ಜೋರಾಗಿ ಆಡಿಸಿದೆ. ಅವರು ಕೆಂಪನ್ನು ಕಂಕುಳಲ್ಲಿ ಸಿಕ್ಕಿಸಿ, ಹಸಿರನ್ನು ಬಿಚ್ಚಿ, ಗಚ್ಚಿಯ ಕಡೆಗೆ ಎರಡೂ ಕೈಯಿಂದ ಬೀಸತೊಡಗಿದರು. ಹುಡುಗಿಯರೂ ಕಿಟಕಿಯಿಂದ "ಟೀಚರ್, ಬಂತ್ರಿ, ಬಂತ್ರಿ" ಎಂದು ಕೂಗಿದರು. ಗಚ್ಚಿಯಿಂದ ಉತ್ತರವಿಲ್ಲ. ಅವಳು ಬಾವುಟ ನೋಡಿದ್ದಳು, ಆದರೆ ಬಿದಿರು ಬಿಟ್ಟರೆ ಚಿತ್ರ ಹೋದೀತು. ಆ ಜಿಟಿಜಿಟಿಯಲ್ಲಿ, ಸೆರಗು ತಲೆಯ ಮೇಲೆ ಹೊದ್ದು, ತನಗೆ ಕಾಣದ ಚಿತ್ರಕ್ಕಾಗಿ, ಕಾಣದ ಉಪಗ್ರಹದ ಹಿಂದೆ ಉಳಿದ ಹನ್ನೆರಡು ನಿಮಿಷವೂ ಬಿದಿರು ತಿರುಗಿಸುತ್ತಲೇ ನಿಂತಳು.

ಚಿತ್ರ ತಲೆಕೆಳಗಾಗಿ ಬಂದಿತ್ತು ಎಂಬುದನ್ನೂ ಹೇಳಿಬಿಡಬೇಕು. ಶ್ರೀಲಂಕಾ ಮೇಲೆ, ಹಿಮಾಲಯದ ಕಡೆ ಕೆಳಗೆ! ನಾಲ್ವತ್ತು ಹುಡುಗಿಯರು ನಾಲ್ವತ್ತು ಕತ್ತು ವಾರೆ ಮಾಡಿಕೊಂಡು ದೇಶ ನೋಡುತ್ತಿದ್ದಾಗ ಚಿಗವ್ವ ತೊಯ್ದು ಒಳಗೆ ಬಂದಳು. ಎಲ್ಲರೂ ದಾರಿ ಬಿಟ್ಟರು. ಅವಳು ಪರದೆಯ ಮುಂದೆ ನಿಂತು ಎಷ್ಟು ಹೊತ್ತು ನೋಡಿದಳೋ. ಕಡೆಯ ಬೆಂಚಿನ ಆ ಹುಡುಗಿ ಗಟ್ಟಿ ಧ್ವನಿಯಲ್ಲಿ ಕೇಳಿತು.

"ಇದರಾಗ ನಮ್ಮ ಧಾರವಾಡ ಎಲ್ಲೈತ್ರಿ ಟೀಚರ್?"

ಚಿಗವ್ವ ಒಂದು ಬೆಳ್ಳನೆಯ ಗುಡ್ಡೆಯ ಮೇಲೆ ಬೆರಳಿಟ್ಟಳು. "ಈ ಮೋಡದ ಕೆಳಗ. ನಾವೆಲ್ಲಾರೂ ಈಗ ಇದರ ಕೆಳಗ ನಿಂತೇವಿ." ಉಪಗ್ರಹ ದಕ್ಷಿಣದಿಂದ ಬಂದದ್ದರಿಂದ ಮೊದಲು ಕಂಡದ್ದನ್ನು ಮೊದಲು ಬರೆಯಿತು, ಅದಕ್ಕೇ ತಲೆಕೆಳಗು ಎಂದು ತಿಳಿಸಿ ಹೇಳಿದಳು. ಹೇಳುತ್ತಿದ್ದಂತೆ ಅವಳ ಕಣ್ಣು ಸ್ಕ್ಯಾನರಿನ ಚಕ್ರದ ಮೇಲೆ ಹೋಯಿತು. ಬೊಟ್ಟು ಅಲ್ಲಿರಲಿಲ್ಲ. ಒಂದು ಬೆರಳಿನಿಂದ ಚಕ್ರವನ್ನು ಮುಟ್ಟಿ ನೋಡಿದಳು, ತಿರುಗಿಸಲಿಲ್ಲ. ಆಮೇಲೆ ಎಲ್ಲರಿಗೂ ಅವಲಕ್ಕಿ ಹಾಕಿದಳು.

ಹುಡುಗಿಯರು ಹೋದ ಮೇಲೆ ನಾನು ಗೆದ್ದ ಹುಮ್ಮಸ್ಸಿನಲ್ಲಿ ಚಕ್ರವನ್ನು ಹದಿನೇಳನೆಯ ಆರೋಪಿ ಎಂದು ಬರೆಯಲು ನೋಟುಬುಕ್ಕು ತೆರೆದೆ. ಪುಟದ ಕಡೆಯ ಗೆರೆ ಅದು. ಅಲ್ಲಿ ಆಗಲೇ ಏನೋ ಬರೆದಿತ್ತು. "೧೭. ನನ್ನ ಕಿವಿ." ತಾರೀಖು ನೋಡಿದೆ. ನಾನು ಭಜನೆ ಇಳಿಸಿ ನಿರ್ದೋಷಿಯಾದ ದಿನದ್ದು. ಟ್ಯೂಬ್‌ಲೈಟು, ಮಿಕ್ಸರು, ಹಲ್ಲಿಗಳ ತಾರೀಖುಗಳೆಲ್ಲ ಅದಾದ ಮೇಲಿನವು. ಕಡೆಯ ಗೆರೆ ಮೊದಲು ಬರೆದು, ನಡುವೆ ಖಾಲಿ ಬಿಟ್ಟ ಐದು ಗೆರೆಗಳನ್ನು ಆಮೇಲೆ ಒಂದೊಂದಾಗಿ ತುಂಬಿದ್ದಳು. ಅಷ್ಟು ವಾರ ಅವಳು ಹುಡುಕುತ್ತಿದ್ದದ್ದು ದೋಷವನ್ನಲ್ಲ, ಇನ್ನೊಬ್ಬ ಆರೋಪಿಯನ್ನು. ಆ ಹಲ್ಲಿಯ ಬಗ್ಗೆ ಆಡಿದ ಮಾತು ಎಲ್ಲಿ ಬಚ್ಚಿಡಲಿ?

ಚಿಗವ್ವ ತಲೆ ಒರೆಸಿಕೊಳ್ಳುತ್ತ ಬಂದು ನನ್ನ ಎದುರು ಕೂತಳು. ಬರಬರುತ್ತ ಸಣ್ಣ ಶಬ್ದಗಳೆಲ್ಲ ಹೋಗಿದ್ದವಂತೆ. ಹಕ್ಕಿ, ಶೀಟಿ, ಫೋನಿನಾಚೆಯ ಮಾತು. ಅವಳ ಕಿವಿಗೆ ಮುಟ್ಟುವಷ್ಟು ಜೋರು ಮಾಡಿದ ಶಬ್ದ ಕಂಪ್ಯೂಟರಿಗೆ ಅತಿಯಾಗಿ ಚಿತ್ರ ಒಡೆದುಹೋಗುತ್ತಿತ್ತು. ಟೇಪಿನ ಚಕ್ರ ನನ್ನ ಕೈಯಲ್ಲಿದ್ದಾಗ ಬಂದ ಭಜನೆ, ಸ್ಕ್ಯಾನರಿನ ಚಕ್ರ ಅವಳ ಕೈಯಲ್ಲಿದ್ದಾಗ ಬಾರದ ಚಿತ್ರ, ಅವೆರಡೂ ಅವತ್ತೇ ಅವಳಿಗೆ ಉತ್ತರ ಹೇಳಿಬಿಟ್ಟಿದ್ದವು. ಚಿಗಪ್ಪನನ್ನು ಕೇಳಬಹುದಿತ್ತಲ್ಲ ಎಂದೆ, ಹತ್ತಿರ ಸರಿದು, ಸ್ವಲ್ಪ ಗಟ್ಟಿಯಾಗಿ.

"ಅವರನ್ನ ಕೇಳಿದ್ರ, ನಿನ್ನ ಕಿವಿ ಛಲೋ ಅದಾವ ಅಂತಾರ. ನನಗ ನೋವಾಗಬಾರದಂತ ಖರೇ ಹೇಳೂದಿಲ್ಲ. ಅಂಥಾ ಸಾಕ್ಷಿ ತಗೊಂಡು ಏನ್ ಮಾಡ್ಲಿ?" ಅಂದಳು. ಆಮೇಲೆ ಒಂದು ಕ್ಷಣ ನಕ್ಕಳು. "ನಿನ್ನ ಕಂಪ್ಯೂಟರ್ ಓದಿನ ಸಲುವಾಗಿ ಕರದೇನಂತ ತಿಳಿದಿಯೇನು? ಆ ಓದು ನನಗೂ ಗೊತ್ತೈತಿ. ಛಲೋದೊಂದು ಕಿವಿ ತಂದು ಹಚ್ಚಿ ನೋಡಬೇಕಾಗಿತ್ತು. ನಿನ್ನವು ನಮ್ಮವ್ವನ ಕಿವಿ."

ಬಾಗಿಲಲ್ಲಿ ಚಿಗಪ್ಪ ಹಸಿರು ಬಾವುಟ ಮಡಚುತ್ತ ನಿಂತಿದ್ದರು. ಸಿಡುಕು ಹತ್ತಿದೆ ಎಂದು ನಾವೆಲ್ಲ ಆಡಿಕೊಂಡ ಮನುಷ್ಯ, ಮೂವತ್ತು ವರ್ಷ ಉಳಿಸಿಟ್ಟ ಧ್ವನಿಯನ್ನೆಲ್ಲ ಒಬ್ಬಳಿಗೆ ಕೇಳಿಸಲೆಂದು ಖರ್ಚು ಮಾಡುತ್ತಿದ್ದ ಮನುಷ್ಯ. ಅವರು ನಾಳೆ ಸತ್ತೂರಿನ ದವಾಖಾನೆಗೆ ಹೋಗೋಣ, ಕಿವಿ ತೋರಿಸೋಣ ಎಂದು ಗಟ್ಟಿಯಾಗಿ ಹೇಳಿದರು. ಅವಳು ಹೂಂ ಅಂದಳು. ಪೆನ್ನು ತಗೊಂಡು ಹದಿನೇಳನೆಯ ಗೆರೆಗೆ ಬಂದಳು. ನಾನು "ತಪ್ಪಿತಸ್ಥ" ಎಂದು ಬರೆಯುತ್ತಾಳೆ ಅಂದುಕೊಂಡೆ. ಅವಳು ದುಂಡಗಿನ ಅಕ್ಷರದಲ್ಲಿ "ಸೇವಾ ನಿವೃತ್ತಿ" ಎಂದು ಬರೆದು, ಅಡಿಯಲ್ಲಿ ಗೆರೆ ಎಳೆದಳು.

ಆಮೇಲೆ ಪರದೆಯ ಮೇಲೆ ನಿಂತಿದ್ದ ಮೋಡಗಳನ್ನು ನೋಡುತ್ತ, ಚಿಕ್ಕ ಹುಡುಗಿ ಕೇಳುವಂತೆ ಕೇಳಿದಳು.

"ಹೆಂಗಿತ್ತವಾ ಅದರ ಸಪ್ಪಳ?"

ಹೇಳಲು ಬಾಯಿ ತೆರೆದೆ. ಆಮೇಲೆ ಮಾತು ಬಿಟ್ಟು, ಅವಳ ಕೈ ತೆಗೆದುಕೊಂಡು ನನ್ನ ತೊಡೆಯ ಮೇಲೆ ಇಟ್ಟುಕೊಂಡು, ಅಂಗೈ ಮೇಲೆ ಎರಡು ಬೆರಳಿನಿಂದ ಮೆಲ್ಲಗೆ ಬಡಿದೆ. ಟಿಕ್ ಟಾಕ್, ಟಿಕ್ ಟಾಕ್. ಸೆಕೆಂಡಿಗೆ ಎರಡು, ಅದು ಹೇಳಿದ ಹಾಗೆಯೇ. ಚಿಗವ್ವ ರೇಡಿಯೋಕ್ಕೆ ಕಿವಿ ಹಚ್ಚಿದಾಗ ಮುಚ್ಚುತ್ತಿದ್ದ ಹಾಗೆ ಕಣ್ಣು ಮುಚ್ಚಿದಳು. ಸಾಕು ಎಂದು ಅವಳು ಅನ್ನಲಿಲ್ಲ. ನಾನೂ ನಿಲ್ಲಿಸಲಿಲ್ಲ.